ಸೇತುವೆಯ ಎಡಬದಿ

ಜುಲೈ 3, ಗುರುವಾರ

ಇವತ್ತು ಬೆಳಿಗ್ಗೆ ಮಿಥುನ್ ಎಂಬ ವಿದ್ಯಾರ್ಥಿ ನನಗಿಂತ ಮೊದಲು ಬ್ರೇಕ್ ಒತ್ತಿದ.

ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ಕಲಿಸುವವನ ಕಾಲ ಕೆಳಗೂ ಒಂದು ಬ್ರೇಕ್ ಇರುತ್ತದೆ. ವಿದ್ಯಾರ್ಥಿ ಮನೆದೇವರನ್ನು ನೆನೆಯುವಷ್ಟರಲ್ಲಿ ನಾನು ಅದನ್ನು ಒತ್ತಿರಬೇಕು. ನನ್ನ ಗಂಗಾ ಡ್ರೈವಿಂಗ್ ಸ್ಕೂಲ್ ಇಷ್ಟು ವರ್ಷ ಚೆನ್ನೈಯ ಪೋರೂರಿನಲ್ಲಿ ನಿಂತಿರುವುದು ಆ ಒಂದು ನಂಬಿಕೆಯ ಮೇಲೆ. ಇವತ್ತು ಸೇತುವೆಯ ಇಳಿಜಾರಿನಲ್ಲಿ ಎಡಗಡೆಯಿಂದ ಒಬ್ಬ ಸೈಕಲ್ಲಿನವನು ಬಂದ. ಮಿಥುನ್ ಗಕ್ಕನೆ ನಿಲ್ಲಿಸಿದ. ಸೈಕಲ್ಲಿನವನು ನಮ್ಮ ಬಾನೆಟ್ ಮೇಲೆ ಕೈಯೂರಿ, ನನ್ನ ತಾಯಿಯ ಬಗ್ಗೆ ಒಂದೆರಡು ಮಾತಾಡಿ ಹೋದ. ಅವನು ಬಾನೆಟ್ ಮುಟ್ಟುವ ತನಕ ನಾನು ಅವನನ್ನು ಕಂಡಿರಲಿಲ್ಲ.

"ಸಾರ್, ನೀವ್ಯಾಕೆ ಬ್ರೇಕ್ ಹಾಕಲಿಲ್ಲ?"

"ನಿನ್ನನ್ನು ಪರೀಕ್ಷೆ ಮಾಡ್ತಿದ್ದೆ. ಪಾಸ್."

ಹುಡುಗ ಖುಷಿಯಾದ. ಮಾತು ಬಲ್ಲವನಿಗೆ ಜಗಳವಿಲ್ಲ ಎಂದು ಹಿರಿಯರು ಹೇಳಿದ್ದು ನನ್ನನ್ನು ನೋಡಿಯೇ. ಊಟ ಬಲ್ಲವನಿಗೆ ರೋಗವಿಲ್ಲ ಎಂದು ಶುರುಮಾಡುವಾಗ ಬೇರೆ ಯಾರನ್ನೋ ನೋಡಿರಬೇಕು. ನನಗೆ ಶುಗರ್ ಇದೆ.

ಜುಲೈ 7, ಸೋಮವಾರ

ಕಣ್ಣಿನ ಡಾಕ್ಟರು ಬೋಗುಣಿಯಂಥ ಯಂತ್ರದೊಳಗೆ ನನ್ನ ಮುಖ ಇಡಿಸಿ, ಬೆಳಕಿನ ಚುಕ್ಕೆ ಕಂಡಾಗಲೆಲ್ಲ ಗುಂಡಿ ಒತ್ತಿ ಎಂದರು. ಧೈರ್ಯವಾಗಿ ಒತ್ತಿದೆ. ನನ್ನ ಲೆಕ್ಕದಲ್ಲಿ ಒಂದೂ ತಪ್ಪಿರಲಿಲ್ಲ. ಅವರ ಲೆಕ್ಕದಲ್ಲಿ ಎಡ ಅರ್ಧ ಪೂರ್ತಿ ಖಾಲಿ.

ಎರಡು ಕಣ್ಣಿಗೂ ಎಡಗಡೆಯ ನೋಟ ಹೋಗಿದೆಯಂತೆ. ತಪ್ಪು ಕಣ್ಣಿನದಲ್ಲ, ತಲೆಯ ಹಿಂಬದಿಯಲ್ಲಿ ಸಣ್ಣ ರಕ್ತನಾಳವೊಂದು ಯಾವಾಗಲೋ ಮುಚ್ಚಿಕೊಂಡಿದೆ. ನನಗೆ ತಿಳಿಸದೆ.

"ವಾಪಸ್ ಬರುತ್ತಾ?"

"ಬಂದರೆ ಸಂತೋಷ. ಬರುತ್ತೆ ಅಂತ ಕಾಯಬೇಡಿ. ಇನ್ನು ಮೇಲೆ ಡ್ರೈವಿಂಗ್ ಬೇಡ. ನಡೀರಿ, ನಡೆಯೋದು ಒಳ್ಳೇದು. ಏನು ಕೆಲಸ ನಿಮ್ಮದು?"

"ಬಿಸಿನೆಸ್" ಅಂದೆ.

ಯಾರಿಗೂ ಹೇಳುವುದಿಲ್ಲ. ಮೇಷ್ಟರಿಗೆ ಅರ್ಧ ರಸ್ತೆ ಕಾಣುವುದಿಲ್ಲ ಎಂದು ಗೊತ್ತಾದರೆ ಆ ಸ್ಕೂಲಿಗೆ ಯಾರು ಸೇರುತ್ತಾರೆ? ಮಗಳು ಶಿಲ್ಪಶ್ರೀ ಸ್ಕೂಲನ್ನು ಮಾರಿಬಿಡೋಣ ಎಂದು ಯುಗಾದಿಯಿಂದ ಹೇಳುತ್ತಿದ್ದಾಳೆ. ಆ ಜಾಗದ ಮೇಲೆ ಒಬ್ಬ ಮೊಬೈಲ್ ಅಂಗಡಿಯವನ ಕಣ್ಣಿದೆ, ಅದೂ ಎರಡೂ ಕಡೆ ಕಾಣುವ ಕಣ್ಣು. ಸ್ಕೂಲು ಕೈಬಿಟ್ಟರೆ ನಾನು ಮನೆಯ ಕುರ್ಚಿಗೆ ಸೇರಿದ ಸಾಮಾನು. ಹಾಗಾಗಿ ಶುಗರ್ ಜಾಸ್ತಿಯಾಗಿದೆ, ದಿನವೂ ನಡೆಯಲು ಹೇಳಿದ್ದಾರೆ ಎಂದೆ. ಕಾರಿನ ಪಾಠಗಳನ್ನು ಶಿಲ್ಪಶ್ರೀಗೆ ಒಪ್ಪಿಸಿದೆ. ಚೆನ್ನೈಯಲ್ಲಿ ಶುಗರ್ ಅಂದರೆ ಆಮೇಲೆ ಯಾರೂ ಪ್ರಶ್ನೆ ಕೇಳುವುದಿಲ್ಲ. ತಮ್ಮ ಶುಗರ್ ಬಗ್ಗೆ ಹೇಳತೊಡಗುತ್ತಾರೆ.

ಜುಲೈ 9, ಬುಧವಾರ

ಮನೆ ಹೊಳೆಯ ಈಚೆ, ಸ್ಕೂಲು ಆಚೆ. ನಡುವೆ ಸೇತುವೆ. ಇವತ್ತು ಮೊದಲ ಸಲ ನಡೆದು ದಾಟಿದೆ.

ಸೇತುವೆಯ ಮೇಲೆ ನಡೆಯುವವರ ಬಗ್ಗೆ ನನಗೆ ಈತನಕ ಇದ್ದ ಅಭಿಪ್ರಾಯ ಇಷ್ಟೇ: ಇವರು ಇನ್ನೂ ನಮ್ಮ ಸ್ಕೂಲಿಗೆ ಸೇರದವರು. ಮೊದಲು ಅಲ್ಲಿ ಫುಟ್‌ಪಾತ್ ಇತ್ತು. ರಸ್ತೆ ಅಗಲ ಮಾಡುವಾಗ ಅದನ್ನು ಒಡೆದು ಗಾಡಿಗಳಿಗೆ ಕೊಟ್ಟರು. ಆ ದಿನ ಸ್ಕೂಲಿನಲ್ಲಿ ಮೈಸೂರು ಪಾಕ್ ಹಂಚಿದವನು ನಾನೇ. ಈಗ ಉಳಿದಿರುವುದು ಒಂದು ಬಿಳಿ ಗೆರೆ, ಅದೂ ಅಲ್ಲಲ್ಲಿ.

ನಾನು ಎಡಬದಿಯ ಗೋಡೆಗೆ ಅಂಟಿಕೊಂಡೇ ಇದ್ದೇನೆ ಎಂದುಕೊಂಡು ಹೊರಟೆ. ಗೋಡೆಗೂ ನನಗೂ ನಡುವೆ ಜಾಗವಿದೆ ಎಂದು ನನಗೆ ಗೊತ್ತಿರಲಿಲ್ಲ, ಬೈಕಿನವರಿಗೆ ಗೊತ್ತಿತ್ತು. ಅವರು ಆ ಸಂದಿನಲ್ಲೇ ನುಗ್ಗುತ್ತಾರೆ. ಎಡದಿಂದ ಬರುವುದು ನನಗೆ ಕಾಣುವುದಿಲ್ಲ. ಕಿವಿಯ ಪಕ್ಕ "ಏಯ್ ಪೆರಿಸು!" ಎಂದು ಕೇಳಿದ ಮೇಲೆ ಬೈಕು ಬಂದಿತ್ತೆಂದು ತಿಳಿಯುತ್ತದೆ. ಪೆರಿಸು ಅಂದರೆ ಮುದುಕ. ಈ ಊರಲ್ಲಿ ಅದನ್ನು ಪ್ರೀತಿಯಿಂದಲೂ ಹೇಳುತ್ತಾರೆ. ಇವತ್ತು ಹಾಗೆ ಹೇಳಲಿಲ್ಲ.

ಸ್ಕೂಲು ಮುಟ್ಟಿ ಫ್ಯಾನಿನ ಕೆಳಗೆ ಕೂತೆ. "ಅಪ್ಪಾ, ಏನಿಷ್ಟು ಬೆವರು?" ಅಂದಳು ಶಿಲ್ಪಶ್ರೀ.

"ಶುಗರ್ ಇಳೀತಾ ಇದೆ."

ಜುಲೈ 14, ಸೋಮವಾರ

ನಮ್ಮ ಫ್ಲೋರಿನಲ್ಲೇ ಇರುವ ಪಾವನಾ ಸೇತುವೆಯ ಮೇಲೆ ಸಿಕ್ಕಳು. ಮೈಸೂರಿನ ಹುಡುಗಿ, ಸಾಫ್ಟ್‌ವೇರ್ ಆಫೀಸಿಗೆ ಸೈಕಲ್ಲಿನಲ್ಲಿ ಹೋಗುತ್ತಾಳೆ. ಹೋದ ವರ್ಷ ಸೇತುವೆಗೆ ಫುಟ್‌ಪಾತ್ ಮತ್ತು ಸೈಕಲ್ ದಾರಿ ಬೇಕೆಂಬ ಅರ್ಜಿ ಹಿಡಿದು ಸಹಿಗೆ ಬಂದಿದ್ದಳು. ಸಹಿ ಹಾಕದೆ ನಮ್ಮ ಲೇಡೀಸ್ ಬ್ಯಾಚಿನ ಕಾರ್ಡು ಕೊಟ್ಟು ಕಳಿಸಿದ್ದೆ. ಇವತ್ತು ಅವಳು ಸೈಕಲ್ ತಳ್ಳಿಕೊಂಡು ಬರುತ್ತಿದ್ದಳು, ನಾನು ಲೈಟು ಕಂಬ ತಬ್ಬಿಕೊಂಡು ನಿಂತಿದ್ದೆ.

"ಅಂಕಲ್, ನೀವಾ! ಕಾರೇನಾಯ್ತು?"

"ಶುಗರ್."

"ಕಂಬ ಯಾಕೆ ಹಿಡ್ಕೊಂಡಿದ್ದೀರಾ?"

"ಗಟ್ಟಿ ಇದೆಯಾ ನೋಡ್ತಿದ್ದೆ. ನಿನ್ನ ಆ ಅರ್ಜಿ ಇನ್ನೂ ಇದೆಯೇನಮ್ಮಾ?"

ಇದೆ. ಅದಕ್ಕೊಂದು ಗುಂಪೂ ಇದೆ. ಐದಾರು ಜನ ಭಾನುವಾರ ಸೇತುವೆಯ ಹತ್ತಿರ ಸೇರಿ, ಪರಿಸ್ಥಿತಿ ಗಂಭೀರವಾಗಿದೆ ಎಂದು ಒಪ್ಪಿಕೊಂಡು, ಕಾಫಿ ಕುಡಿದು ಹೋಗುತ್ತಾರೆ. ನಿಮ್ಮ ಹತ್ತಿರ ನ್ಯಾಯ ಇದೆ, ಮಾತಾಡುವವನಿಲ್ಲ ಎಂದೆ. ಮಕ್ಕಳು, ವಯಸ್ಸಾದವರು, ಬಸುರಿಯರು ಎಂದು ಅಲ್ಲೇ ಸ್ವಲ್ಪ ಮಾತಾಡಿಯೂ ತೋರಿಸಿದೆ. ನನ್ನ ವಿಷಯ ಅದರಲ್ಲಿ ಬರಲಿಲ್ಲ. ಬರುವ ಅಗತ್ಯವಿರಲಿಲ್ಲ.

ನನ್ನ ಹೆಂಡತಿ ಕಲ್ಯಾಣಮ್ಮ ಈಚೆಗೆ ಎಲೆಯ ಎಡಕ್ಕೆ ಬಡಿಸಬೇಕಾದ ಉಪ್ಪಿನಕಾಯಿ, ಕೋಸಂಬರಿ, ಪಲ್ಯ ಎಲ್ಲವನ್ನೂ ಬಲಕ್ಕೆ ಬಡಿಸುತ್ತಾಳೆ. ಮಠದ ಪಂಕ್ತಿಯಲ್ಲಿ ಉಂಡು ಬೆಳೆದವಳು! ಯಾಕೆಂದು ಕೇಳಿದೆ. "ಅಯ್ಯೋ, ಮರ್ತೋಗುತ್ತೆ ಕಣ್ರೀ" ಅಂದಳು. ಪಾಪ, ಅವಳಿಗೂ ವಯಸ್ಸಾಯಿತು.

ಜುಲೈ 26, ಶನಿವಾರ

ಎಡ ಮೊಣಕೈಗೆ ಬೈಕಿನ ಹ್ಯಾಂಡಲ್ ಬಡಿಯಿತು. ಬಾಗಿಲು ತಾಗಿತು ಎಂದು ಮನೆಯಲ್ಲಿ ಹೇಳಿದೆ. ಯಾವ ಬಾಗಿಲು ಎಂದು ಕಲ್ಯಾಣಮ್ಮ ಕೇಳಲಿಲ್ಲ. ಬಿಸಿ ಎಣ್ಣೆ ತಂದಳು.

ಆಗಸ್ಟ್ 5, ಮಂಗಳವಾರ

ಸೇತುವೆ ನೋಡಿಕೊಳ್ಳುವ ಆಫೀಸಿಗೆ ಪಾವನಾಳ ಜೊತೆ ಹೋದೆ. ಇಂಜಿನಿಯರ್ ಒಳ್ಳೆಯ ಮನುಷ್ಯ. ಕೂರಿಸಿ ಕಾಫಿ ಕೊಟ್ಟು, ನಮ್ಮ ಅರ್ಜಿಯನ್ನು ಕಾಫಿ ಲೋಟದ ಕೆಳಗೆ ಇಟ್ಟುಕೊಂಡ.

"ಆ ಸೇತುವೆ ಮೇಲೆ ಇದುವರೆಗೂ ಏನಾದ್ರೂ ಆಗಿದೆಯಾ?" ಎಂದು ತಮಿಳಿನಲ್ಲಿ ಕೇಳಿದ.

"ಆಗಬಾರದು ಅಂತಲೇ ಬಂದಿದ್ದೀವಿ ಸಾರ್."

"ನಮ್ಮ ರೆಕಾರ್ಡಿನಲ್ಲಿ ಏನೂ ಇಲ್ಲ. ಏನೂ ಆಗದ ಕಡೆ ಯಾವ ಹೆಡ್ಡಿಂಗ್ ಹಾಕಿ ಫೈಲ್ ತೆಗೆಯೋದು, ನೀವೇ ಹೇಳಿ."

ನಾನು ಬಹಳ ಹೊತ್ತು ಮಾತಾಡಿದೆ. ಅವನು ಎಲ್ಲದಕ್ಕೂ ತಲೆಯಾಡಿಸಿದ. ತಲೆಯಾಡಿಸುವವನನ್ನು ಯಾವ ಮಾತಿನಿಂದಲೂ ಗೆಲ್ಲಲಾಗದು ಎಂಬುದು ನನ್ನ ವ್ಯಾಪಾರದ ಅನುಭವ.

ಹೊರಗೆ ಬಂದ ಮೇಲೆ ಪಾವನಾ, "ಅಂಕಲ್, ಎಷ್ಟು ಚೆನ್ನಾಗಿ ತಮಿಳು ಮಾತಾಡ್ತೀರಾ! ನಂದು ಆಟೋವರೆಗೂ ಅಷ್ಟೆ" ಅಂದಳು. ಹೊಗಳಿಕೆಯನ್ನು ಸ್ವೀಕರಿಸಿದೆ. ಹದಿನೇಳರ ಭಾನುವಾರ ಬೆಳಿಗ್ಗೆ ಸೇತುವೆಯ ಮೇಲೆ ಜನ ಸೇರಿಸುವುದೆಂದು ತೀರ್ಮಾನವಾಯಿತು. ಅವಳು ವಾಟ್ಸಾಪ್ ಅಂದಳು, ನಾನು ಪೋಸ್ಟರ್ ಅಂದೆ. ಈ ಊರಿನಲ್ಲಿ ಗೋಡೆಯ ಮೇಲೆ ಬಾರದ್ದು ನಡೆದಂತೆಯೇ ಅಲ್ಲ.

ಆಗಸ್ಟ್ 13, ಬುಧವಾರ

ಪೋಸ್ಟರ್ ಕೆಲಸವನ್ನು ಪಾವನಾ ಆಚೆ ಬೀದಿಯ ಪ್ರಿಂಟಿಂಗ್ ಅಂಗಡಿಗೆ ಕೊಟ್ಟಳು. ಅಂಗಡಿಯವರನ್ನು ಎಲ್ಲರೂ ಅಣ್ಣಾಚ್ಚಿ ಅನ್ನುತ್ತಾರೆ. ಅವರಿಗೆ ನನ್ನ ಪರಿಚಯವಿಲ್ಲ. ಮುಂದಾಳಿನ ಮುಖ ಇರಬೇಕೆಂದು ನಾನೇ ಒಂದು ಫೋಟೋ ಕಳಿಸಿದ್ದೆ. ನಮ್ಮ ಕನ್ನಡ ಸಂಘದವರು ಸನ್ಮಾನ ಮಾಡಿದಾಗ ತೆಗೆದದ್ದು. ಮೈಸೂರು ಪೇಟ, ಶಾಲು, ಹಣೆತುಂಬ ವಿಭೂತಿ. ನಗುವಿಲ್ಲ.

ಸಂಜೆ ನಮ್ಮಿಬ್ಬರ ಫೋನಿಗೂ ಮಾದರಿ ಬಂತು. ಬಹಳ ಗಂಭೀರವಾಗಿದೆ. ನಡುವೆ ನಾನು, ಸುತ್ತ ಕಪ್ಪು ಅಂಚು, ಎರಡೂ ಕಡೆ ದೀಪ, ತಲೆಯ ಹಿಂದೆ ಕಿರಣಗಳು. ಎಲ್ಲಕ್ಕಿಂತ ಮೇಲೆ ಎರಡು ದೊಡ್ಡ ಕಣ್ಣು. ಸೇತುವೆಯ ಮೇಲೆ ನಿಗಾ ಇಟ್ಟಿದ್ದೇವೆ ಎಂಬ ಅರ್ಥವಿರಬೇಕು. ಅಣ್ಣಾಚ್ಚಿ ಬುದ್ಧಿವಂತ.

ತಮಿಳನ್ನು ನಾನು ಮಾತಾಡಿದರೆ ಮಧುರೈ ಕಡೆಯವರಾ ಎಂದು ಕೇಳುತ್ತಾರೆ. ಅಕ್ಷರದ ತಂಟೆಗೆ ಮಾತ್ರ ಹೋಗಿಲ್ಲ, ಮಾತಿನಲ್ಲೇ ಎಲ್ಲ ಆಗುತ್ತಿತ್ತು. ಇದನ್ನು ಪಾವನಾಗೆ ಹೇಳುವ ಸಂದರ್ಭ ಬಂದಿಲ್ಲ. ಅವಳು ಆಗಲೇ ಹೆಬ್ಬೆರಳೆತ್ತಿ ಒಪ್ಪಿಗೆ ಕಳಿಸಿದ್ದಳು. ಓದಿದ ಹುಡುಗಿ ಒಪ್ಪಿದ ಮೇಲೆ ನನ್ನದೇನು? ನಾನೂ ಹೆಬ್ಬೆರಳು ಕಳಿಸಿದೆ.

ಆಗಸ್ಟ್ 15, ಶುಕ್ರವಾರ

ನಿನ್ನೆ ರಾತ್ರಿಯೇ ಅಂಟಿಸಿದ್ದಾರೆ. ಮುಖ್ಯ ರಸ್ತೆಯ ಉದ್ದಕ್ಕೂ ನಾನೇ.

ಪ್ರಚಾರದ ಶಕ್ತಿ ದೊಡ್ಡದು. ತರಕಾರಿಗೆಂದು ಇಳಿದೆ, ಜನ ದಾರಿ ಬಿಟ್ಟು ಸರಿದರು. ಹೂವಿನವಳು ನನ್ನನ್ನು ಕಂಡು ಕೈಯಲ್ಲಿದ್ದ ಮೊಳವನ್ನು ಬುಟ್ಟಿಗೆ ಬಿಟ್ಟು ಕಣ್ಣುಜ್ಜಿಕೊಂಡಳು. ಆಟೋ ಸ್ಟ್ಯಾಂಡಿನಲ್ಲಿ ಒಬ್ಬ ಹಳೆಯ ವಿದ್ಯಾರ್ಥಿ ಅರ್ಧ ಟೀ ಬಿಟ್ಟು ಎದ್ದು ಹೋದ. ಇಷ್ಟು ಮರ್ಯಾದೆಯನ್ನು ನಾನೇ ನಿರೀಕ್ಷಿಸಿರಲಿಲ್ಲ.

ಆಗಸ್ಟ್ 16, ಶನಿವಾರ

ಮುಖ ಕ್ಷೌರ ಮಾಡಿಕೊಳ್ಳುತ್ತಿದ್ದೆ. ಶಿಲ್ಪಶ್ರೀ ಕೋಡಂಬಾಕ್ಕಂನ ತನ್ನ ಮನೆಯಿಂದ ನೇರ ಬಂದಳು. ಕೈಯಲ್ಲಿ ಗೋಡೆಯಿಂದ ಕಿತ್ತ ಪೋಸ್ಟರ್.

"ಅಪ್ಪಾ, ನೀಂಗ ಸೆತ್ತುಟ್ಟೀಂಗ!"

"ಏನು?"

"ಸತ್ತಿದ್ದೀರಾ! ಇದು ಕಣ್ಣೀರ್ ಅಂಜಲಿ ಪೋಸ್ಟರ್, ಸತ್ತವರಿಗೆ ಅಂಟಿಸೋದು. ಮೇಲಿನ ಕಣ್ಣಲ್ಲಿ ನೀರು ಹರೀತಿದೆ, ಕಾಣಲ್ವಾ? ನೆನ್ನೆಯಿಂದ ಫೋನು. ಮೇಷ್ಟರು ಹೋಗಿಬಿಟ್ಟರಾ, ಬಾಕಿ ಕ್ಲಾಸ್ ಯಾರು ತಗೋತಾರೆ ಅಂತ!"

ಎಡಗಣ್ಣಿನ ನೀರು ನನಗೆ ಕಂಡಿರಲಿಲ್ಲ. ಬಲಗಣ್ಣಿನದು ಕಂಡಿತ್ತು, ಅಲಂಕಾರ ಅಂದುಕೊಂಡಿದ್ದೆ.

ಪಾವನಾಳನ್ನು ಕರೆಸಿದೆವು. ಅಣ್ಣಾಚ್ಚಿ ಫೋಟೋ ನೋಡಿ ಯಾರಮ್ಮಾ ಇವರು ಎಂದು ಕೇಳಿದರಂತೆ. ಇವಳು, "ನಮ್ಮ ಅಂಕಲ್. ಸೇತುವೆ. ನಡೆದು ಹೋಗುವಾಗ, ಗಾಡಿ..." ಎಂದಿದ್ದಾಳೆ. ಅವಳ ತಮಿಳು ಅಲ್ಲಿಗೆ ಮುಗಿದಿದೆ. ಅಣ್ಣಾಚ್ಚಿ ತಲೆ ತಗ್ಗಿಸಿ, ಮಿಕ್ಕದ್ದನ್ನು ನಾನು ನೋಡ್ಕೋತೀನಿ, ನೀನು ಅಳಬೇಡಮ್ಮಾ ಎಂದರಂತೆ. ಭಾನುವಾರದ ಸಭೆ ಪೋಸ್ಟರಿನಲ್ಲಿ ನನ್ನ ಆತ್ಮಶಾಂತಿಯ ಪ್ರಾರ್ಥನೆಯಾಗಿದೆ.

"ಅಂಕಲ್, ನಿಮಗೆ ತಮಿಳು ಓದೋಕೆ ಬರಲ್ವಾ?"

"ನಿನಗೆ?"

"ನೀವು ಹೆಬ್ಬೆರಳು ಕಳಿಸಿದ್ರಲ್ಲ!"

"ನೀನು ಮೊದಲು ಕಳಿಸಿದೆ."

ಕಲ್ಯಾಣಮ್ಮ ತಮಿಳು ಓದುತ್ತಾಳೆ, ಬಸ್ಸಿನ ಬೋರ್ಡು ನೋಡಿ ಕಲಿತದ್ದು. ನಿನ್ನೆಯೇ ಪೋಸ್ಟರ್ ಓದಿದ್ದಳಂತೆ. "ಮತ್ತೆ ಹೇಳಬಾರದಿತ್ತಾ?" ಅಂದೆ. "ಏನ್ ಹೇಳೋದು? ನೀವು ಮನೇಲೇ ಕೂತು ಮುದ್ದೆ ಉಣ್ತಿದ್ರಿ. ಫೋಟೋ ಚೆನ್ನಾಗ್ ಬಂದಿತ್ತು" ಅಂದಳು.

ಶಿಲ್ಪಶ್ರೀ ಎಲ್ಲವನ್ನೂ ಕಿತ್ತುಹಾಕಿಸೋಣ ಅಂದಳು. ನಾನು ಯೋಚಿಸಿದೆ. ಬದುಕಿರುವ ಗಂಗಾಧರಪ್ಪ ಕರೆದರೆ ಐದಾರು ಜನ ಬರುತ್ತಾರೆ. ಇರಲಿ ಬಿಡು ಅಂದೆ.

ಆಗಸ್ಟ್ 17, ಭಾನುವಾರ

ಇಷ್ಟು ಜನರಿಗೆ ಕಲಿಸಿದ್ದೇನೆಂದು ನನಗೇ ಮರೆತಿತ್ತು. ಸೇತುವೆಯ ಬುಡದಿಂದ ನಡುವಿನ ತನಕ ತುಂಬಿದ್ದರು. ಆಟೋದವರು, ಆಸ್ಪತ್ರೆಯ ಆಂಬುಲೆನ್ಸ್ ಡ್ರೈವರುಗಳು, ಲೇಡೀಸ್ ಬ್ಯಾಚಿನವರು ಮಕ್ಕಳ ಸಮೇತ. ವಾರ್ಡಿನ ಕೌನ್ಸಿಲರ್ ಮಾರುದ್ದದ ಹಾರದೊಂದಿಗೆ ಬಂದಿದ್ದ. ಕೌನ್ಸಿಲರ್ ಬಂದಿದ್ದರಿಂದ ಇಂಜಿನಿಯರ್ ಬಂದಿದ್ದ. ಕುರ್ಚಿಯ ಮೇಲೆ ನನ್ನ ಫೋಟೋ, ಮುಂದೆ ಊದುಬತ್ತಿ.

ನಾನು ಹೋಗಿ ಫೋಟೋದ ಪಕ್ಕ ನಿಂತು, "ವಣಕ್ಕಂ" ಅಂದೆ.

ಮುಂದಿದ್ದವರು ಒಂದು ಹೆಜ್ಜೆ ಹಿಂದೆ ಸರಿದರು. ಆಮೇಲೆ ಎಲ್ಲರೂ ಒಟ್ಟಿಗೆ ಮಾತಾಡಿದರು. ಕೆಲವರು ತಬ್ಬಿಕೊಂಡರು. ಒಬ್ಬಾಕೆ, ಸಾವಿನ ಮನೆಗೆಂದು ಕಾಫಿಯನ್ನೂ ಕುಡಿಯದೆ ಬಂದೆನಲ್ಲಾ ಎಂದು ಬೈದಳು. ಅಣ್ಣಾಚ್ಚಿ ನನ್ನ ಕೈ ಹಿಡಿದು ನೋಡಿ, ಬಿಸಿಯಾಗಿದೆ ಎಂದು ಖಚಿತಪಡಿಸಿಕೊಂಡು, ತಲೆ ತಗ್ಗಿಸಿದರು. ಕೌನ್ಸಿಲರ್ ಹಾರವನ್ನು ಏನು ಮಾಡಬೇಕೆಂದು ತೋಚದೆ ಡ್ರೈವರ್ ಕೈಗೆ ಕೊಟ್ಟ.

"ಹಾಗಾದ್ರೆ ಏನೂ ಆಗಿಲ್ಲ" ಎಂಬ ಇಂಜಿನಿಯರ್ ಧ್ವನಿ ಕೇಳಿತು. ಬಹಳ ನಿರಾಳವಾಗಿತ್ತು. "ಎಲ್ಲರೂ ಹೊರಡಿ. ಏನೂ ಆಗಿಲ್ಲ."

ಜನ ಚಪ್ಪಲಿ ಸರಿಮಾಡಿಕೊಳ್ಳತೊಡಗಿದರು. ನಾನು ಮಕ್ಕಳು, ವಯಸ್ಸಾದವರು ಎಂದು ಶುರುಮಾಡಿದೆ. ಯಾರೂ ನಿಲ್ಲಲಿಲ್ಲ. ಮೋಸ ಹೋದವರಿಗೆ ಭಾಷಣ ಹಿಡಿಸುವುದಿಲ್ಲ.

"ಮೇಷ್ಟ್ರೇ," ಅಂದಿತು ಅದೇ ಧ್ವನಿ, "ಕಾರು ಇಟ್ಕೊಂಡು ಕಾರು ಕಲಿಸೋರು ನೀವು. ನಡೆಯೋರ ಉಸಾಬರಿ ನಿಮಗ್ಯಾಕೆ? ನಿಜ ಹೇಳಿ, ಯಾರಿಗೋಸ್ಕರ ಇದೆಲ್ಲ?"

ಇದಕ್ಕೂ ಉತ್ತರ ತಯಾರಿತ್ತು. ಬಾಯಿಗೆ ಬಂದದ್ದು ಅದಲ್ಲ.

"ಸಾರ್, ನೀವೀಗ ಎಲ್ಲಿ ನಿಂತಿದ್ದೀರಿ?"

"ಇಲ್ಲೇ, ನಿಮ್ಮ ಪಕ್ಕದಲ್ಲೇ."

"ನೀವು ನನಗೆ ಕಾಣ್ತಿಲ್ಲ."

ವ್ಯಂಗ್ಯ ಎಂದುಕೊಂಡು ಕೆಲವರು ನಕ್ಕರು. ವ್ಯಂಗ್ಯವಲ್ಲ ಎಂದೆ. ಎಡಗಡೆಯದು ಏನೂ ಕಾಣುವುದಿಲ್ಲ, ಇನ್ನು ಕಾಣುವ ಭರವಸೆಯೂ ಇಲ್ಲ, ಕಾರು ಮುಟ್ಟಬಾರದೆಂದಿದ್ದಾರೆ, ಸ್ಕೂಲಿಗೆ ಹೋಗಬೇಕೆಂದರೆ ಈ ಸೇತುವೆಯನ್ನು ನಡೆದೇ ದಾಟಬೇಕು, ದಿನಾ ಹೆದರಿಕೊಂಡು ದಾಟುತ್ತೇನೆ ಎಂದೆ. ಇಷ್ಟು ಚಿಕ್ಕ ಭಾಷಣವನ್ನು ನಾನು ಹಿಂದೆ ಮಾಡಿಲ್ಲ.

ಮಿಥುನ್ ಮುಂದೆ ಬಂದ. "ಸಾರ್, ಅವತ್ತು ಆ ಸೈಕಲ್..."

"ಹೌದು. ಪರೀಕ್ಷೆ ಅಲ್ಲ ಅದು. ನೀನು ಒತ್ತದಿದ್ದರೆ ಅವನು ಹೋಗಿಬಿಡುತ್ತಿದ್ದ."

ಶಿಲ್ಪಶ್ರೀ ಊದುಬತ್ತಿಯ ಪಕ್ಕದಲ್ಲೇ ನೆಲದ ಮೇಲೆ ಕೂತುಬಿಟ್ಟಳು. ಯಾರೋ ನನ್ನ ಎಡ ಮೊಣಕೈ ಹಿಡಿದುಕೊಂಡರು. ಬಳೆಯ ಸದ್ದಿನಿಂದ ಕಲ್ಯಾಣಮ್ಮ ಎಂದು ತಿಳಿಯಿತು. "ನಡೀರಿ, ದಾಟೋಣ" ಅಂದಳು, ಅಷ್ಟೇ.

ನಾವು ಹೊರಟೆವು. ಮನೆಗೆ ಹೊರಟಿದ್ದವರೂ ಹಿಂದೆ ಬಂದರು. ಕೌನ್ಸಿಲರ್ ನಡೆದದ್ದರಿಂದ ಇಂಜಿನಿಯರ್ ಕೂಡ ನಡೆಯಬೇಕಾಯಿತು. ನಡುಸೇತುವೆಯಲ್ಲಿ ಒಂದು ಬೈಕು ಎಂದಿನಂತೆ ಗೋಡೆಯ ಸಂದಿನಲ್ಲಿ ನುಗ್ಗಿತು. ಇಂಜಿನಿಯರ್ "ಅಯ್ಯೋ" ಅಂದ. ಬಿಳಿ ಅಂಗಿಯ ತೋಳು ಹರಿದು, ಮೊಣಕೈ ತರಚಿ ರಕ್ತ ಬಂದಿತ್ತು.

"ಈಗ ಏನೋ ಆಯ್ತಲ್ಲ ಸಾರ್" ಅಂದೆ.

ಅವನು ಕರ್ಚೀಫು ತೆಗೆದು ಮೊಣಕೈಗೆ ಒತ್ತಿಕೊಂಡ.

ಆಗಸ್ಟ್ 20, ಬುಧವಾರ

ಹೊಸದಾಗಿ ಸೇರಿದ್ದವರು ಬಹುಪಾಲು ಬಿಟ್ಟುಹೋದರು. ಅವರ ತಪ್ಪಿಲ್ಲ. ಮೊಬೈಲ್ ಅಂಗಡಿಯವನು ಕ್ಷೇಮ ವಿಚಾರಿಸುವ ನೆಪದಲ್ಲಿ ಬಂದು ಗೋಡೆಗಳನ್ನು ಅಳೆಯುವಂತೆ ನೋಡಿದ. ಶಿಲ್ಪಶ್ರೀ ಅವನಿಗೆ ತಮಿಳಿನಲ್ಲಿ ಏನೇನೋ ಹೇಳಿ ಕಳಿಸಿದಳು. ನನಗೆ ಎಲ್ಲ ಅರ್ಥವಾಯಿತು, ಇಲ್ಲಿ ಬರೆಯುವಂಥದ್ದಲ್ಲ. ಆಮೇಲೆ ನನ್ನ ಕಡೆ ತಿರುಗಿ, "ಮುಂದಿನ ಸಲ ಏನಾದ್ರೂ ಆದ್ರೆ ಮೊದಲು ನನಗೆ ಹೇಳ್ಬೇಕು. ಗೋಡೆ ಓದಿ ತಿಳ್ಕೊಳ್ಳೋ ಹಾಗಾಗಬಾರದು" ಅಂದಳು.

ಒಪ್ಪಿದೆ.

ಸೆಪ್ಟೆಂಬರ್ 24, ಬುಧವಾರ

ಸೇತುವೆಯ ಎಡಬದಿಗೆ ಕಂಬಗಳ ಸಾಲು ನೆಟ್ಟು, ಅದರಾಚೆ ನಡೆಯಲು, ಸೈಕಲ್ ತುಳಿಯಲು ದಾರಿ ಬಿಟ್ಟಿದ್ದಾರೆ. ಒಂದೇ ಬದಿಗೆ, ಮೂರು ತಿಂಗಳ ಪ್ರಯೋಗವಂತೆ. ಹಿಂತಿರುಗುವಾಗಲೂ ಅದೇ ದಾರಿ. ಇಂಜಿನಿಯರ್ ಫೋನು ಮಾಡಿ, ಜನ ಬಳಸದಿದ್ದರೆ ತೆಗೆಸಬೇಕಾಗುತ್ತದೆ ಎಂದು ಎಚ್ಚರಿಸಿದ. ಮೊಣಕೈ ಹೇಗಿದೆ ಎಂದು ಕೇಳಿದೆ. ವಾಸಿಯಂತೆ. ಹಾಗಾಗಿ ನಮ್ಮ ಸ್ಕೂಲಿನ ಮೊದಲ ಪಾಠ ಈಗ ಕಾರಿನಲ್ಲಲ್ಲ. ಸೇರಿದವರೆಲ್ಲ ನನ್ನ ಜೊತೆ ಸೇತುವೆಯನ್ನು ನಡೆದು ಹೋಗಿ ಬರಬೇಕು.

ಒಬ್ಬ ಹಳೆಯ ವಿದ್ಯಾರ್ಥಿ ಕಾರು ನಿಲ್ಲಿಸಿ ಗಾಜಿಳಿಸಿದ. "ಏನ್ ಮೇಷ್ಟ್ರೇ, ಹೀಗ್ ಮಾಡ್ಬಿಟ್ರಿ? ನಮ್ಮ ರಸ್ತೇನೇ ಸಣ್ಣದಾಗೋಯ್ತು!"

"ನಿಮ್ಮದು ಸಣ್ಣದಾಗಿಲ್ಲ ಕಣಯ್ಯ. ನಮ್ಮದನ್ನು ವಾಪಸ್ ತಗೊಂಡಿದ್ದೀವಿ" ಅಂದೆ. ಕಾರಿನವರಿಗೆ ಯಾವಾಗಲೂ ತಮ್ಮದೇ ಗೋಳು.

ಅಕ್ಟೋಬರ್ 6, ಸೋಮವಾರ

ಕಲ್ಯಾಣಮ್ಮನಿಗೆ ನೆಗಡಿ, ಪಾವನಾಗೆ ರಜೆ. ಒಬ್ಬನೇ ಹೋದೆ.

ನಡುವೆ ಒಂದು ಕಡೆ ಗೋಡೆಗೆ ಒರಗಿ ನಿಂತೆ. ಕೆಳಗೆ ಹೊಳೆಯಿದೆ. ಇದು ನನಗೆ ಮಾಹಿತಿಯ ಮಟ್ಟದಲ್ಲಿ ಗೊತ್ತಿತ್ತು. ನೀರು ಚೆನ್ನಾಗೇನೂ ಇಲ್ಲ, ಕಪ್ಪಗಿದೆ, ಮುಕ್ಕಾಲು ಭಾಗ ಅಂತರಗಂಗೆ. ಒಂದು ಬಿಳಿ ಕೊಕ್ಕರೆ ಒಂದೇ ಕಾಲಿನ ಮೇಲೆ ನಿಂತಿತ್ತು. ಕತ್ತು ಪೂರ್ತಿ ಎಡಕ್ಕೆ ತಿರುಗಿಸಿದರೆ ಇನ್ನೊಂದೂ ಇತ್ತು. ಇವೆರಡೂ ಏನು ಮಾಡುತ್ತವೆ ಎಂದು ನೋಡುತ್ತಾ ನಿಂತೆ. ಏನೂ ಮಾಡಲಿಲ್ಲ. ಹಿಂದೆ ಯಾರೋ ಸೈಕಲ್ ಗಂಟೆ ಬಾರಿಸಿಕೊಂಡು ಹೋದರು, ಮಕ್ಕಳು ಹೋದರು, ನಾನು ತಿರುಗಿ ನೋಡಲಿಲ್ಲ.

ಸ್ಕೂಲಿಗೆ ತಡವಾಯಿತು. ಶಿಲ್ಪಶ್ರೀ ಬಾಗಿಲಲ್ಲೇ ಫೋನ್ ಹಿಡಿದು ನಿಂತಿದ್ದಳು.

"ಎ‌ಲ್ಲಿದ್ರಿ ಅಪ್ಪಾ ಇಷ್ಟು ಹೊತ್ತು?"

"ಸೇತುವೆ ಮೇಲೆ."

"ಸೇತುವೆ ಮೇಲೆ ಏನ್ ಮಾಡ್ತಿದ್ರಿ?"

"ಸುಮ್ಮನೆ ನಿಂತಿದ್ದೆ" ಅಂದೆ.

ಅವಳು ನಂಬಲಿಲ್ಲ.